ಕ್ಯಾಸೆಟ್ಟಿನಲ್ಲಿ ನಕ್ಕವಳು

ಕುವೈತಿನ ಅಬ್ಬಾಸಿಯಾದ ಕ್ಲಿನಿಕ್ಕಿನಲ್ಲಿ ಟೋಕನ್ ಹಿಡಿದು ಕೂತಿದ್ದ ಉಮಾವತಿಗೆ ಗೋಡೆಯ ಟೀವಿಯ ಭಾಷೆ ತಿಳಿಯಲಿಲ್ಲ. ಡಿಶ್ಶಿನಲ್ಲಿ ಬರುವ ಯಾವುದೋ ಹಳೆಯ ಜರ್ಮನ್ ಹಾಸ್ಯ ಧಾರಾವಾಹಿ. ರಜೆಗೆ ಬಂದವರ ಹೋಟೆಲು, ಗಂಟೆ ಬಾರಿಸುವ ಮ್ಯಾನೇಜರು, ಕಾಣದ ಜನರ ನಗು. ಊರಿಂದ ಈಚೆಗೆ ಬಂದಂತಿದ್ದ ಪಕ್ಕದ ಹೆಂಗಸು ಮಾತ್ರ ಬೆಚ್ಚಿಬಿದ್ದು, ಜೊತೆಗಿದ್ದವನತ್ತ ತಿರುಗಿದಳು.

“ರೋಹಿದಾಸಣ್ಣ, ಈ ನಗು!”

“ಟೀವಿದು, ಬಾಯಮ್ಮ. ನಮ್ಮ ರೂಮಲ್ಲಿ ನಿಮ್ಮ ಮಥಾಯಸ್ ದಿನಾ ಇದನ್ನೇ ನೋಡ್ತಿದ್ದದ್ದು.”

“ಕ್ಯಾಸೆಟ್ಟಲ್ಲಿ ಮಾತಾಡಿ ಊರಿಗೆ ಕಳಿಸ್ತಿದ್ರಲ್ಲ, ಆಗಲೂ?”

“ಹೌದು, ಹಿಂದೆ ಓಡ್ತಾ ಇರ್ತಿತ್ತು. ಯಾಕೆ?”

“ಎಲ್ಲರೂ ನಕ್ಕು ನಿಲ್ಸಿದ ಮೇಲೆ ಅದ್ರಲ್ಲಿ ಒಬ್ಬಳೇ ನಗ್ತಿದ್ಲು. ಯಾರವಳು ಅಂತ ಫೋನಲ್ಲಿ ಕೇಳಿದೆ. ಟೀವಿ ಅಂದ್ರು. ನಂಬ್ಲಿಲ್ಲ. ಮತ್ತೆ ಬಂದ ಒಂದು ಕ್ಯಾಸೆಟ್ಟೂ ನಾನು ಕೇಳ್ಲಿಲ್ಲ.”

“ತೀರಿಹೋಗುವ ವಾರ ಕಳಿಸಿದ್ದು?”

“ಅದೂ ಹಾಗೇ ಉಂಟು. ಕವರ್ ಸಹ ಒಡೀಲಿಲ್ಲ.”



“ಅದ್ರಲ್ಲಿ ಮಾತಾಡಿದ ದಿನ ಅವ ಟೀವಿ ಬಂದ್ ಮಾಡಿಸಿದ್ದ, ಬಾಯಮ್ಮ. ಇದ್ರಲ್ಲಿ ನನ್ನ ಸ್ವರ ಮಾತ್ರ ಇರ್ಲಿ ಅಂತ.”

“ಮಗ್ದಲೀನ್!” ನರ್ಸ್ ಕೂಗಿದಳು.

ಹೆಂಗಸು ಎದ್ದು, ಗೋಡೆ ಹಿಡಿದುಕೊಂಡು ಒಳಗೆ ಹೋದಳು. ಟೀವಿಯ ನಗು ನಿಂತಿತು. ಆಮೇಲೆ ಅದರಲ್ಲಿ ಒಬ್ಬಳೇ ನಕ್ಕಳು.