ಒಂದೇ ಬೆಂಚಿನ ಮೇಲೆ ಎರಡು ಹಂಡೆ

ಮಿರಜದಿಂದ ಸಾಂಗಲಿಗೆ ಹೊರಟ ಬಸ್ಸಿನಲ್ಲಿ, ನನ್ನ ಮುಂದಿನ ಸೀಟಿನಲ್ಲಿ ಹೀರಾಬಾಯಿ ಮತ್ತು ಅವರ ಮೈದುನನ ಮಗಳು ಸಂಪದಾ ಕುಳಿತಿದ್ದರು.

"ಮುಖ ಯಾಕ ಸಪ್ಪಗ ಮಾಡೀಯ?"

"ಅರಿಶಿಣ ಹರಾಜಿನ ದರ ರೈತರ ಮೊಬೈಲಿಗೆ ತೋರ್ಸೂದು ಇವತ್ತ ನಿಂತಬಿಡ್ತು ಕಾಕಿ. ನಾಳೆ ಹತ್ತಕ್ಕ ಮತ್ತ ಲಿಲಾವು. ಆಗೂ ನಿಂತ್ರ ನನ್ನ ಕೆಲಸ ಪುಣೆಯ ಕಂಪನಿಯವರಿಗೆ ಹೋಗ್ತದ."

"ಯಾಕ ನಿಂತಿತು?"

"ದರ ಎಲ್ಲಾ ದೊಡ್ಡ ಮಷಿನ್‌ನ್ಯಾಗ ಇರ್ತಾವ. ಅದಕ್ಕ ಭಾರ ಆಗಬಾರ್ದಂತ ಸಣ್ಣ ಮಷಿನ್‌ನ್ಯಾಗ ನಕಲು ಇಟ್ಟು, ರೈತರಿಗೆ ಅದರಿಂದ ತೋರಸ್ತಿದ್ದೆ. ಸಣ್ಣದು ಬಂದ್ ಆತು. ಎಲ್ಲಾರೂ ದೊಡ್ಡದಕ್ಕ ಮುಗಿಬಿದ್ರು, ಅದೂ ಮಲಗ್ತು."

"ಸಣ್ಣದು ಒಂದ ಇಟ್ಟಿದ್ದೇನ?"

"ಎರಡು! ಆದ್ರ ಎರಡಕ್ಕೂ ಕರೆಂಟು ಒಂದ ಬೋರ್ಡಿಂದು, ಅದ ಸುಟ್ಟುಹೋತು."

ಹೀರಾಬಾಯಿ ನಕ್ಕುಬಿಟ್ಟರು.

"ಪರ್ವದಾಗ ನಮ್ಮ ಜೈನ ಬಸದಿಯಾಗ ನಾವೂ ಹಂಗ ಮಾಡಿದ್ವಿ. ಉಪವಾಸದವರಿಗೆ ಕಾಸಿ ಆರಿಸಿದ ನೀರು ಎರಡು ಹಂಡೇದಾಗ, ಎರಡೂ ಒಂದ ಬೆಂಚಿನ ಮ್ಯಾಲ. ಬೆಂಚಿನ ಕಾಲು ಮುರೀತು. ಎಲ್ಲಾರೂ ನನ್ನ ಒಲಿ ಮುಂದ ಬಂದು ನಿಂತ್ರು. ಎಷ್ಟಂತ ಕಾಸ್ಲಿ?"

"ಆಮ್ಯಾಲ?"

"ಈಗ ಒಂದು ಬಾಗಲದಾಗ, ಒಂದು ಅಂಗಳದಾಗ."

"ನಾನೂ ಒಂದು ಸಣ್ಣ ಮಷಿನ್ನ ಮಾಧವನಗರದ ಆಫೀಸಿಗೆ ಒಯ್ದು ಇವತ್ತ ಜೋಡಿಸ್ತೀನಿ."

"ಜೋಡ್ಸಾಕ ಮತ್ತ್ಯಾರಿಗೆ ಬರ್ತದ?"

"ನನಗೊಬ್ಬಾಕಿಗೆ."

ಬಸ್ಸು ನಿಂತಿತು. ಹೀರಾಬಾಯಿ ಮೊದಲು ಇಳಿದು, ಅವಳ ಕೈಯನ್ನು ಗಟ್ಟಿಯಾಗಿ ಹಿಡಿದರು.

"ಹಂಗಾರ ಸಾವಕಾಶ ಇಳಿ ನನ್ನವ್ವಾ. ನಾಳೆ ಹತ್ತರ ತನಕ ನೀ ಬೀಳಬ್ಯಾಡ."