ಮೂವತ್ತು ನುಣುಪು ಕಲ್ಲು

ಬಸ್ಸಿನ ಸಾಲಿನಲ್ಲಿ ನನ್ನ ಹಿಂದೆ ತಾಯಿ, ಮಗಳು ನಿಂತಿದ್ದರು. ಮಗಳಿಗೆ ಅಂದು ಭೂಗೋಳದ ಪರೀಕ್ಷೆ. ತಾಯಿ ನೋಟ್ಸ್ ಹಿಡಿದು ಪ್ರಶ್ನೆ ಕೇಳುತ್ತಿದ್ದರು. ನಾನು ಕದ್ದು ಕೇಳಿದವನಲ್ಲ. ನನ್ನ ಕಿವಿಗಳು ನನಗಿಂತ ಒಂದು ಹೆಜ್ಜೆ ಹಿಂದೆ ನಿಂತಿದ್ದವು, ಅಷ್ಟೇ.

"ಹೊಳೆ ಕೆಳಗೆ ಹೋದ ಹಾಗೆ ಕಲ್ಲು ಏನಾಗತ್ತೆ?"

"ಉರುಳಿ ಉರುಳಿ ನುಣುಪಾಗತ್ತೆ."

"ನೀನು ಹೊಳೇಲಿ ಸಮೀಕ್ಷೆ ಮಾಡಿ ಕಲ್ಲಿನ ನುಣುಪು ಅಳೆದಾಗ ಸರಾಸರಿ ಎಷ್ಟು ಬಂತು?"

"ಹೊಳೆ ಮೇಲ್ಗಡೇನೂ ಅಷ್ಟೇ, ಕೆಳಗಡೇನೂ ಅಷ್ಟೇ. ಮೂವತ್ತೂ ನುಣುಪು ಕಲ್ಲೇ."

"ಯಾಕೆ?"

"ಅಮ್ಮಾ, ಅದು ಬೇಡ."

"ಪರೀಕ್ಷೇಲಿ ಕೇಳ್ತಾರಲ್ಲೇ."

"ಕಣ್ಣು ಮುಚ್ಚಿ ಕೈಗೆ ಸಿಕ್ಕಿದ ಕಲ್ಲು ಎತ್ಕೋಬೇಕಿತ್ತು. ಅಪ್ಪ ನೀರಿಗಿಳಿದು ಆರಿಸಿ ಆರಿಸಿ ಕೊಟ್ರು. ಚೂಪಾಗಿರೋದು ನನ್ನ ಕೈಗೆ ಚುಚ್ಚತ್ತೆ ಅಂತ."

"ಅದನ್ನೇ ಬರಿ. ಆರಿಸಿದ್ದು ತಪ್ಪು ಅಂತ."

"ಅಪ್ಪ ತೀರ್ಕೊಂಡು ಇನ್ನೂ ಎರಡು ತಿಂಗಳಾಗಿಲ್ಲ. ಅಪ್ಪಂದು ತಪ್ಪು ಅಂತ ಬರೀಲಾ?"

"ನಾನು ಹದಿನೆಂಟು ವರ್ಷ ಹೇಳಿದೀನಿ, ಒಂದಿನಾನೂ ಒಪ್ಪಿದವರಲ್ಲ. ಈಗೇನು ಜಗಳಕ್ಕೆ ಬರ್ತಾರಾ?"

ಇಬ್ಬರೂ ನಕ್ಕರು. ನಗು ಬೇಗ ಮುಗಿಯಿತು. ತಾಯಿ ಹಾಳೆ ತಿರುಗಿಸಿದರು.

"ಕೊನೇ ಪ್ರಶ್ನೆ. ಇದೇ ಸಮೀಕ್ಷೆ ಮತ್ತೆ ಮಾಡಿದ್ರೆ ಏನು ಬದಲಾಯಿಸ್ತೀರಿ? ನಾಲ್ಕು ಅಂಕ."

"ಏನೂ ಇಲ್ಲ."

"ಸೊನ್ನೆ ಕೊಡ್ತಾರೆ ಕಣೇ."

"ಕೊಡ್ಲಿ."

ಅಷ್ಟರಲ್ಲಿ ಅವರ ಬಸ್ಸು ಬಂತು. ತಾಯಿ ನೋಟ್ಸ್ ಮಡಚಿ ಚೀಲಕ್ಕೆ ಹಾಕಿದರು.

"ನಾಲ್ಕು ಅಂಕ ತಾನೇ? ಹೋಗ್ಲಿ ಬಿಡು," ಎಂದು ಮಗಳ ಬೆನ್ನು ಸವರುತ್ತಾ ಬಸ್ಸಿನ ಕಡೆ ನಡೆದರು.