ನೀರುಗಂಟಿಯ ಕಡೇ ಗದ್ದೆ

ಹೂಂಗುಟ್ಟೋರು ಒಬ್ಬರಾದರೂ ಇರಬೇಕು, ಇಲ್ಲದಿದ್ದರೆ ನನ್ನ ಕಥೆ ಮುಂದಕ್ಕೆ ಹೋಗುವುದಿಲ್ಲ. ಹೂಂ ಅಂದಿರಾ? ಸರಿ. ಹೆಸರು ಮರೆತುಹೋದ ಒಂದು ದೇಶ, ಆ ದೇಶಕ್ಕೊಬ್ಬ ರಾಜ. ಒಳ್ಳೆಯವನು ಪಾಪ. ಯಾರು ಬಂದು ಅತ್ತರೂ ತಾನೂ ಜೊತೆಗೆ ಅತ್ತುಬಿಡುವನು. ಅತ್ತರೆ ರಾಜ್ಯಭಾರವಾಗುತ್ತದೆಯೇ, ನೀವೇ ಹೇಳಿ.

ಆ ದೇಶದಲ್ಲೊಂದು ದೊಡ್ಡ ಕೆರೆ. ಕೆರೆಯ ತೂಬಿನಿಂದ ಹೊರಟ ಕಾಲುವೆ ಏಳು ಊರು ಸುತ್ತಿ ಕಡೇಹಳ್ಳಿಯಲ್ಲಿ ಮುಗಿಯುವುದು. ತೂಬು ಎತ್ತಿ ಊರೂರಿಗೆ ನೀರು ಹಂಚುವವನು ನೀರುಗಂಟಿ. ರಾಜನೇ ಅವನನ್ನು ನೇಮಿಸುವುದು. ಸಂಬಳದ ಬದಲು ಅವನಿಗೊಂದು ಗದ್ದೆ, ತೂಬಿನ ಬಾಯಲ್ಲೇ. ಈ ಗದ್ದೆಯನ್ನು ನೆನಪಿಟ್ಟುಕೊಳ್ಳಿ, ಆಮೇಲೆ ಬೇಕಾಗುತ್ತದೆ.

ಕಡೇಹಳ್ಳಿಯಲ್ಲಿ ಚೌಡಕ್ಕ ಅಂತ ಒಬ್ಬ ಮುದುಕಿ. ಭತ್ತದ ಸಸಿ ಬೆಳೆಸಿಕೊಂಡು ಕೂತಿದ್ದಾಳೆ, ನಾಟಿಗೆ ನೀರಿಲ್ಲ. ಸಸಿ ಹೋದರೆ ವರ್ಷವಿಡೀ ಮನೆಯಲ್ಲಿ ಅನ್ನವಿಲ್ಲ. ಒಂದು ಹಿಡಿ ಸಸಿ ಕಿತ್ತುಕೊಂಡು ಅರಮನೆಗೆ ನಡೆದಳು.

"ಬುದ್ಧೀ, ಕೆರೆ ತುಂಬೈತೆ, ನಮ್ಮ ಕಾಲುವೇಲಿ ಒಂದು ಕಪ್ಪೆ ಕೂಡ ಇಲ್ಲ."

ವಿಚಾರಿಸಿದರೆ, ನೀರುಗಂಟಿ ದ್ಯಾವಣ್ಣ ಮೇಲಿನ ಊರಿನವರಿಂದ ಕೋಳಿ, ಬೆಲ್ಲ ತರಿಸಿಕೊಂಡು ಅವರಿಗೇ ನೀರು ಬಿಡುತ್ತಿದ್ದ. ರಾಜ ಅತ್ತ. ದ್ಯಾವಣ್ಣನನ್ನು ತೆಗೆದ. ಒಬ್ಬ ಪಂಡಿತನನ್ನು ತಂದ.

ಪಂಡಿತ ಕಳ್ಳನಲ್ಲ. ನೀರಿನ ಶಾಸ್ತ್ರವೆಲ್ಲ ಬಾಯಿಪಾಠ. ಆದರೆ ಬೆಳಿಗ್ಗೆ ಎದ್ದು ತನ್ನ ಗದ್ದೆ ನೋಡುವನು, ನೀರು ನಿಂತಿರುತ್ತಿತ್ತು. ದೇಶಕ್ಕೆಲ್ಲ ನೀರಾಯಿತು ಅಂದುಕೊಂಡು ಒಳಗೆ ಹೋಗುವನು. ಓದಿದವರ ವಿಷಯ, ನಾನು ಹೆಚ್ಚಿಗೆ ಹೇಳುವುದಿಲ್ಲ.

ಚೌಡಕ್ಕ ಮತ್ತೆ ಬಂದಳು. ಮೊದಲ ಸಲ ಕೈಯಲ್ಲಿ ಹಸಿರು ಸಸಿ, ಈ ಸಲ ಹಳದಿ. ರಾಜ ಅತ್ತ. ಪಂಡಿತನನ್ನು ತೆಗೆದ. ತನ್ನ ಭಾವಮೈದುನನನ್ನೇ ಕೂರಿಸಿದ. ಅವನೋ, ಇನ್ನು ಮೇಲೆ ನೀರೇ ನೀರು ಎಂದು ಏಳೂರಿಗೂ ತಮಟೆ ಹೊಡೆಸಿದ. ಕಡೇಹಳ್ಳಿಗೆ ತಮಟೆ ಮುಟ್ಟಿತು, ನೀರು ಮುಟ್ಟಲಿಲ್ಲ.

ಮೂರನೇ ಸಲ ಚೌಡಕ್ಕನ ಕೈಯಲ್ಲಿದ್ದದ್ದು ಒಣಹುಲ್ಲು.

"ಇನ್ನೆಲ್ಲಿಂದ ಒಳ್ಳೆಯವನನ್ನು ತರಲಿ ತಾಯಿ?" ಎಂದ ರಾಜ.

"ಆಳು ಬದಲಾಯಿಸಿದ್ದು ಸಾಕು ಬುದ್ಧಿ, ಗದ್ದೆ ಬದಲಾಯಿಸಿ. ನಮ್ಮನೇಲಿ ಬಡಿಸೋಳು ನಾನು. ಎಲ್ಲರಿಗೂ ಹಾಕಿ ಆಮೇಲೆ ನಾನು ತಟ್ಟೆ ಇಟ್ಕೋತೀನಿ. ಯಾರಿಗೆ ಸಾಲ್ದು ಅಂತ ಗೊತ್ತಾಗೋದು ಹಂಗೇಯ. ನೀರು ಹಂಚೋನ ಗದ್ದೆ ನನ್ನ ಗದ್ದೆಯಿಂದ ಆಚೆಗಿರಲಿ."

"ಅದಕ್ಕೆ ಯಾರು ಒಪ್ಪುತ್ತಾರೆ?"

"ದ್ಯಾವಣ್ಣನ್ನೇ ಕರೀರಿ. ಮನೇಲಿ ಸುಮ್ನೆ ಕೂತವ್ನೆ. ತೂಬಿನ ಕೆಲಸ ಅವನಷ್ಟು ಯಾರಿಗೂ ಬರಾಕಿಲ್ಲ. ಬರದೆ ಹೋಗಿದ್ರೆ ಅಷ್ಟೊಂದು ಕೋಳಿ ಬರ್ತಿದ್ವಾ?"

ರಾಜ ಕರೆಸಿದ, ಕಡೇ ಗದ್ದೆ ಕೊಟ್ಟ. ಕೇಳಿ ಈಗ. ಅದೇ ದ್ಯಾವಣ್ಣ, ಅದೇ ತೂಬು. ಹೆಗಲ ಮೇಲೆ ಗುದ್ದಲಿ ಹೊತ್ತು ಏರಿಯ ಮೇಲೆ ಓಡಿದ್ದೇ ಓಡಿದ್ದು. ಕಾಲುವೆಯ ಹೂಳು ತೆಗೆಸಿದ, ನೀರು ಸೋರುವ ಬಿಲ ಮುಚ್ಚಿಸಿದ. ಮೇಲಿನ ಊರಿನವನೊಬ್ಬ ಹಳೇ ಅಭ್ಯಾಸದಲ್ಲಿ ಕೋಳಿ ಹಿಡಿದು ಬಂದ.

"ಅಣ್ಣಾ, ನಾಟಿ ಕೋಳಿ."

"ಕೋಳಿ ಹಿಂಡಿದರೆ ನನ್ನ ಗದ್ದೆ ನೆನೀತದೇನೋ? ನಿನ್ನ ಪಾಲು ಆಯ್ತು, ಕಂಡಿ ಮುಚ್ಚು."

ಎಂಟನೇ ದಿನ ಕಡೇಹಳ್ಳಿಗೆ ನೀರು ಬಂತು. ಮೊದಲು ಚೌಡಕ್ಕನ ಗದ್ದೆಗೆ, ಆಮೇಲೆ ದ್ಯಾವಣ್ಣನದಕ್ಕೆ. ನೀರೇನೋ ಬಂತು, ಅವನ ಹತ್ತಿರ ಸಸಿಯಿಲ್ಲ. ತಲೆ ತಗ್ಗಿಸಿ ಮುದುಕಿಯ ಬಾಗಿಲಿಗೆ ಬಂದ. ಪಾತ್ರೆ ತೊಳೆದ ನೀರು ಹೊಯ್ದು ಹಿತ್ತಿಲಲ್ಲಿ ಒಂದು ಪಾತಿ ಸಸಿ ಉಳಿಸಿಕೊಂಡಿದ್ದಳು ಅವಳು.

"ಅರ್ಧ ತಗೊಂಡೋಗು ಮಗ," ಎಂದಳು. "ಮುಂದಿನ ಸಲ ಬೆಲ್ಲ ಇಸ್ಕೊಂಡ್ರೆ ನಂಗೂ ಒಂದು ಅಚ್ಚು ಇರಲಿ."

ದ್ಯಾವಣ್ಣ ನಕ್ಕನೋ ಅತ್ತನೋ, ನೋಡಿದವರು ಹೇಳಲಿಲ್ಲ.

ನಾಟಿ ನೋಡಲು ರಾಜ ಬಂದ, ಖುಷಿಯಾದ. ಚೌಡಕ್ಕ ಕೆಸರುಗಾಲಲ್ಲೇ ಕೇಳಿದಳು: "ಬುದ್ಧೀ, ಅರಮನೆ ತೋಟ ಎಲ್ಲೈತೆ?"

ತೂಬಿನ ಪಕ್ಕದಲ್ಲೇ ಇತ್ತು. ರಾಜ ಕಾಲುವೆಯನ್ನೇ ನೋಡುತ್ತ ನಿಂತ. ಈ ಸಲ ಅಳಲಿಲ್ಲ. ಮರುವರ್ಷ ದ್ಯಾವಣ್ಣನ ಗದ್ದೆಯಿಂದ ಆಚೆಗೆ ಇನ್ನೊಂದು ಗದ್ದೆ ಬಂತು, ಅರಮನೆಯದು. ಆ ದೇಶದಲ್ಲಿ ರಾಜನನ್ನು ಕಾಣಬೇಕಾದರೆ ಇವತ್ತಿಗೂ ಕಡೇಹಳ್ಳಿ ದಾಟಿಯೇ ಹೋಗಬೇಕಂತೆ.

ನೀರು ಅಲ್ಲಿ ನಿಂತಿತು, ಕಥೆ ಇಲ್ಲಿ ನಿಂತಿತು. ಹೂಂಗುಟ್ಟಿದವರಿಗೆಲ್ಲ ಮೊದಲು ಮಜ್ಜಿಗೆ ಕೊಡಿ. ಹೇಳಿದವನಿಗೆ ಕಡೆಗೆ.